121 ಸೆಂಟಿಮೀಟರ್ ಮಗ, 68ರ ಅತ್ತೆ: ವಿದೇಶದ ಯಾವ ಥೀಮ್ ಪಾರ್ಕ್‌ಗೆ ಹೋಗುವುದು?

ಮಣಿಪಾಲದಮ್ಮ

ಮೇ ರಜೆಗೆ ಮೊದಲ ಸಲ ಮನೆಮಂದಿಯೆಲ್ಲ ವಿದೇಶಕ್ಕೆ ಹೊರಟಿದ್ದೇವೆ. ಐದು ಜನ: ಗಂಡ, ನಾನು, ಹದಿನಾಲ್ಕರ ಮಗಳು, ಏಳರ ಮಗ, ಅರವತ್ತೆಂಟರ ಅತ್ತೆ. ಅತ್ತೆಗೆ ಮೊಣಕಾಲು ನೋವು, ರಕ್ತದೊತ್ತಡದ ಮಾತ್ರೆ ಇದೆ, ಊಟಕ್ಕೆ ಈರುಳ್ಳಿ, ಬೆಳ್ಳುಳ್ಳಿ ಆಗುವುದಿಲ್ಲ. ಮಗನನ್ನು ಅಡುಗೆಮನೆಯ ದಾರಂದಕ್ಕೆ ಒರಗಿಸಿ ನಿಲ್ಲಿಸಿ, ಪೆನ್ಸಿಲ್ ಗೆರೆ ಎಳೆದು ಅಳೆದೆ. 121 ಸೆಂಟಿಮೀಟರ್. ಎತ್ತರ ನೋಡಿಯೇ ರೈಡಿಗೆ ಬಿಡುತ್ತಾರೆ ಎಂದು ಯಾರೋ ಹೆದರಿಸಿದ್ದಾರೆ.

ನಾಲ್ಕು ಹೆಸರು ಮನೆಯಲ್ಲಿ ಸುತ್ತುತ್ತಿವೆ: ಸಿಂಗಾಪುರ, ದುಬೈ ಮತ್ತು ಅಬುಧಾಬಿ, ಹಾಂಗ್‌ಕಾಂಗ್, ಜಪಾನ್. ದೊಡ್ಡದು ಯಾವುದು ಎಂದು ಗಂಡ ಕೇಳುತ್ತಾರೆ. ಹೆಚ್ಚು ಹೆದರಿಸುವುದು ಯಾವುದು ಎಂದು ಮಗಳು ಕೇಳುತ್ತಾಳೆ. ಕೂರಲು ಜಾಗ ಎಲ್ಲಿದೆ ಎಂದು ಅತ್ತೆ ಕೇಳುತ್ತಾರೆ. ಮೂವರಿಗೂ ಉತ್ತರ ನನ್ನಲ್ಲಿಲ್ಲ. ಹೋಗಿ ಬಂದವರು ಹೇಳಿ.

ಪಂಪ್‌ವೆಲ್

ಬಿಡದಿಗೆ ಹೋಗಿ. ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ತಲುಪುತ್ತೀರಿ. ವಂಡರ್‌ಲಾ ಅಲ್ಲಿ 2005ರಿಂದ ನಡೆಯುತ್ತಿದೆ. ಪಾಸ್‌ಪೋರ್ಟ್ ಬೇಡ, ವೀಸಾ ಬೇಡ, ಅತ್ತೆಗೆ ಮೊಸರನ್ನವೂ ಸಿಗುತ್ತದೆ. ತಲೆ ತಿರುಗಿಸಿಕೊಳ್ಳಲು ಸಿಂಗಾಪುರಕ್ಕೆ ಯಾಕೆ ಹೋಗಬೇಕು? ಕರಾವಳಿ ಉತ್ಸವದ ಮೈದಾನದಲ್ಲಿ ತೊಟ್ಟಿಲು ಹಾಕುತ್ತಾರಲ್ಲ, ಅದರಲ್ಲಿ ಕುಳಿತರೂ ತಲೆ ತಿರುಗುತ್ತದೆ.

ಬಜ್ಪೆಯಿಂದ ದುಬೈಗೆ

ಅಕ್ಕ, ಪಂಪ್‌ವೆಲ್ ಅವರ ಮಾತನ್ನು ಆಮೇಲೆ ನೋಡೋಣ. ನಾನು ಹನ್ನೊಂದು ವರ್ಷ ದುಬೈಯಲ್ಲಿದ್ದವನು. ಊರಿನಿಂದ ಬಂದ ನೆಂಟರನ್ನು ಪಾರ್ಕುಗಳಿರುವ ಅಬುಧಾಬಿಯ ಯಾಸ್ ದ್ವೀಪಕ್ಕೆ ಕರೆದುಕೊಂಡು ಹೋದದ್ದಕ್ಕೆ ಲೆಕ್ಕವೇ ಇಲ್ಲ. ಟ್ಯಾಕ್ಸಿಯವನಿಗಿಂತ ಚೆನ್ನಾಗಿ ದಾರಿ ಗೊತ್ತು.

ಮೊದಲ ಲಾಭ, ನಮ್ಮ ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆಯಿಂದ ದುಬೈಗೂ ಅಬುಧಾಬಿಗೂ ನೇರ ವಿಮಾನ. ವಯಸ್ಸಾದವರನ್ನು ಬೆಂಗಳೂರಿನಲ್ಲಿಯೋ ಮುಂಬೈಯಲ್ಲಿಯೋ ಇಳಿಸಿ ಹತ್ತಿಸುವ ಕಷ್ಟ ಇಲ್ಲ. ಎರಡನೆಯದು ಸೆಕೆ. ಮೇ ತಿಂಗಳಲ್ಲಿ ಅಲ್ಲಿ ನಲವತ್ತು ಡಿಗ್ರಿ ಅಪರೂಪವಲ್ಲ. ಹಾಗಾದರೆ ಯಾಕೆ ಹೋಗಬೇಕು ಎನ್ನುತ್ತೀರಾ? ಅಲ್ಲಿನವರು ಪಾರ್ಕನ್ನೇ ಮನೆಯೊಳಗೆ ಕಟ್ಟಿದ್ದಾರೆ. 2018ರಲ್ಲಿ ತೆರೆದ ವಾರ್ನರ್ ಬ್ರದರ್ಸ್ ವರ್ಲ್ಡ್ ಪೂರ್ತಿ ಮಾಡಿನ ಅಡಿಯಲ್ಲಿದೆ, ಪೂರ್ತಿ ತಂಪು. ಬ್ಯಾಟ್‌ಮನ್‌ನ ಗೊಥಮ್ ನಗರದಲ್ಲಿ ಹೊರಗಿನ ನಡುಹಗಲಿನಲ್ಲೂ ರಾತ್ರಿ, ಪಕ್ಕದ ಬೀದಿಗೆ ಕಾಲಿಟ್ಟರೆ ಹಗಲು. ನನ್ನ ಅಮ್ಮ ಇಲ್ಲಿ ಮೂರು ತಾಸು ಒಂದೇ ಬೆಂಚಿನಲ್ಲಿ ಕುಳಿತು, ಹೋಗುವ ಬರುವ ಮಕ್ಕಳನ್ನು ನೋಡುತ್ತ ಚಕ್ಕುಲಿ ತಿಂದರು. (ಚಕ್ಕುಲಿ ಹೇಗೆ ಒಳಗೆ ಹೋಯಿತು ಎಂದು ಕೇಳಬೇಡಿ.)

ಅದರ ಹತ್ತಿರವೇ 2010ರಲ್ಲಿ ತೆರೆದ ಫೆರಾರಿ ವರ್ಲ್ಡ್. ನಿಮ್ಮ ಮಗಳ ಪ್ರಶ್ನೆಗೆ ಉತ್ತರ ಅಲ್ಲಿದೆ. ಫಾರ್ಮುಲಾ ರೊಸ್ಸಾ ಎಂಬ ರೋಲರ್ ಕೋಸ್ಟರ್ ಗಂಟೆಗೆ 240 ಕಿಲೋಮೀಟರ್ ವೇಗ ಮುಟ್ಟುತ್ತದೆ. ತೆರೆದಾಗ ಜಗತ್ತಿನಲ್ಲೇ ಅತಿ ವೇಗದ್ದು. ಹಳಿ ಮಾತ್ರ ಕಟ್ಟಡದ ಹೊರಗಿದೆ. ಮರಳು, ಹುಳ ಕಣ್ಣಿಗೆ ಬಡಿಯದಿರಲಿ ಎಂದು ಕನ್ನಡಕ ಕೊಡುತ್ತಾರೆ. ನಾನು ಒಂದು ಸಲ ಕುಳಿತೆ. ಎರಡನೆಯ ಸಲ ನೆಂಟರ ಚೀಲ ಹಿಡಿದುಕೊಳ್ಳುವ ಕೆಲಸವನ್ನು ಸಂತೋಷದಿಂದ ವಹಿಸಿಕೊಂಡೆ.

ಊಟದ ಚಿಂತೆ ಬೇಡವೇ ಬೇಡ. ದುಬೈಯ ಕರಾಮದಲ್ಲಿ ಉಳಿದರೆ ಬೆಳಗ್ಗೆ ಇಡ್ಲಿ, ರಾತ್ರಿ ಸಾರನ್ನ. ಅಲ್ಲಿಂದ ಯಾಸ್‌ಗೆ ಕಾರಿನಲ್ಲಿ ಒಂದೂಕಾಲು ಗಂಟೆ.

ಇನ್ನೊಂದು ವಿಷಯ: ಯಾಸ್‌ನಲ್ಲಿ ಡಿಸ್ನಿ ಪಾರ್ಕ್ ಬರುತ್ತದೆ ಎಂದು 2025ರ ಮೇಯಲ್ಲಿ ಘೋಷಣೆ ಆಗಿದೆ. ಅದಿನ್ನೂ ಕಟ್ಟಿ ಆಗಬೇಕು. ಈಗಲೇ ಟಿಕೆಟ್ ಮಾಡಿಸಿಕೊಡುತ್ತೇನೆ ಎನ್ನುವವರು ಸಿಕ್ಕರೆ ಓಡಿ.

ಕಲ್ಸಂಕ

ಯಾವ ಪಾರ್ಕ್ ಎನ್ನುವುದಕ್ಕಿಂತ ಹೇಗೆ ಹೋಗುತ್ತೀರಿ ಎನ್ನುವುದು ಮುಖ್ಯ. ನಾವು ನಿವೃತ್ತರಾದ ಮೇಲೆ ಒಂದು ಪ್ರವಾಸ ಸಂಸ್ಥೆಯ ತಂಡದ ಜೊತೆ ಹಾಂಗ್‌ಕಾಂಗ್‌ಗೆ ಹೋದೆವು. ಪತ್ರದಲ್ಲಿ "ಡಿಸ್ನಿಲ್ಯಾಂಡ್ ಪೂರ್ಣ ದಿನ" ಎಂದಿತ್ತು. ಬಸ್ಸು ನಮ್ಮನ್ನು ಹನ್ನೊಂದೂವರೆಗೆ ಇಳಿಸಿತು. "ಸಂಜೆ ಐದಕ್ಕೆ ಗೇಟಿನಲ್ಲಿರಬೇಕು, ಭಾರತೀಯ ಊಟ ಕಾದಿರಿಸಿದ್ದೇವೆ" ಎಂದರು. ರಾತ್ರಿಯ ದೀಪ, ಪಟಾಕಿಯ ಪ್ರದರ್ಶನಕ್ಕೆಂದೇ ಜನ ಅಲ್ಲಿಗೆ ಬರುವುದು. ಅದು ಶುರುವಾಗುವ ಹೊತ್ತಿಗೆ ನಾವು ನಗರದ ಇನ್ನೊಂದು ಮೂಲೆಯಲ್ಲಿ ಪನ್ನೀರ್ ಬೆಣ್ಣೆ ಮಸಾಲೆ ತಿನ್ನುತ್ತಿದ್ದೆವು. ಅದೂ ತಣ್ಣಗಾಗಿತ್ತು.

ತಂಡದಲ್ಲಿ ಹೋಗುವುದಾದರೆ ಒಳಗೆ ಬಿಡುವ ಗಂಟೆ, ಹೊರಗೆ ಕರೆಯುವ ಗಂಟೆ ಎರಡನ್ನೂ ಬರೆಸಿಕೊಳ್ಳಿ.

ಪಾರ್ಕಿನ ಬಗ್ಗೆ ಹೇಳುವುದಾದರೆ ಹಾಂಗ್‌ಕಾಂಗ್‌ನದು ಸಣ್ಣದು, 2005ರದ್ದು, ನಮ್ಮಂಥವರ ಕಾಲಿಗೆ ಹಿತ. ಸನ್ನಿ ಬೇ ನಿಲ್ದಾಣದಿಂದ ಅಲ್ಲಿಗೇ ಹೋಗುವ ಪುಟ್ಟ ರೈಲಿನ ಕಿಟಕಿಗಳು ಮಿಕ್ಕಿಯ ತಲೆಯ ಆಕಾರದಲ್ಲಿವೆ. ನನಗೆ ಹಿಡಿಸಿದ ಸಂಗತಿ ಬೇರೆ. ಕಟ್ಟುವಾಗ ಫೆಂಗ್ ಶುಯಿ, ಅಂದರೆ ಚೀನೀಯರ ವಾಸ್ತು, ನೋಡಿಸಿ ಮುಖ್ಯದ್ವಾರವನ್ನು 12 ಡಿಗ್ರಿ ತಿರುಗಿಸಿದರಂತೆ. ದಾರಿಯಲ್ಲಿ ಒಂದು ತಿರುವನ್ನೂ ಇಟ್ಟರು, ಒಳಗಿನ ಅದೃಷ್ಟ ನೇರವಾಗಿ ಸಮುದ್ರಕ್ಕೆ ಹರಿದುಹೋಗದಿರಲಿ ಎಂದು. ಬಾಗಿಲು ಯಾವ ದಿಕ್ಕಿಗೆ ಎಂದು ನಮ್ಮವರು ಜಗಳ ಮಾಡುವುದನ್ನು ನೋಡಿ ನಗುವವರಿಗೆ ಇದನ್ನು ಹೇಳಿ.

ಸುರತ್ಕಲ್ ಮೆಕ್ಯಾನಿಕ್

ಪಾರ್ಕ್ ಹೋಲಿಸುವಾಗ ಎಲ್ಲರೂ ರೈಡ್ ಎಣಿಸುತ್ತಾರೆ. ಎಣಿಸಬೇಕಾದದ್ದು ಸಾಲು. ಹತ್ತು ಗಂಟೆ ಒಳಗಿದ್ದರೆ ರೈಡಿನ ಮೇಲೆ ನಿಜವಾಗಿ ಕುಳಿತಿರುವುದು ಅರ್ಧ ಗಂಟೆ. ಉಳಿದದ್ದು ನಡಿಗೆ, ಊಟ, ನಿಂತದ್ದು.

ಸಾಲು ಯಾಕೆ ಉದ್ದವಾಗುತ್ತದೆ ಎನ್ನುವುದಕ್ಕೆ ಲೆಕ್ಕ ಸುಲಭ. ಒಂದು ಕೋಸ್ಟರ್ ರೈಲಿನಲ್ಲಿ 24 ಸೀಟು, ಎರಡು ನಿಮಿಷಕ್ಕೊಂದು ರೈಲು ಎಂದಿಟ್ಟುಕೊಳ್ಳಿ. ಗಂಟೆಗೆ 720 ಜನ. ಒಬ್ಬರ ಚೀಲ ಲಾಕರಿಗೆ ಹೋಗದೆ, ಒಬ್ಬರ ಪಟ್ಟಿ ಬಿಗಿಯಾಗದೆ ರೈಲು ಮೂರು ನಿಮಿಷಕ್ಕೊಂದಾದರೆ 480. ಮುಂದೆ ನಿಂತದ್ದು ಅದೇ 720 ಜನ, ಆದರೆ ಒಂದು ಗಂಟೆಯ ಸಾಲು ಒಂದೂವರೆ ಗಂಟೆಯದಾಯಿತು.

ಡಿಸ್ನಿಯ ಹಳೆಯ ರೈಡುಗಳಲ್ಲಿ ಇದಕ್ಕೊಂದು ಉಪಾಯವಿದೆ. ಗಾಡಿಗಳು ಸರಪಳಿಯ ಹಾಗೆ ಒಂದರ ಹಿಂದೆ ಒಂದು ನಿಲ್ಲದೆ ಸಾಗುತ್ತಲೇ ಇರುತ್ತವೆ. ಹತ್ತುವವರು ಪಕ್ಕದ ಚಲಿಸುವ ಪಟ್ಟಿಯ ಮೇಲೆ ಕಾಲಿಟ್ಟು ಕೂರುತ್ತಾರೆ. ಓಮ್ನಿಮೂವರ್ ಎಂದು ಹೆಸರು, 1967ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ಮೊದಲು ಬಂದದ್ದು. ದೋಣಿಯ ರೈಡುಗಳೂ ಹೀಗೆಯೇ, ಜನರನ್ನು ನುಂಗುತ್ತಲೇ ಇರುತ್ತವೆ. ನಿಮ್ಮ ಅತ್ತೆಗೆ ಇಂಥವು ಸರಿ. ಮೊಣಕಾಲಿಗೆ ಕಷ್ಟವಾದರೆ ಮೊದಲೇ ಹೇಳಿ, ಪಟ್ಟಿಯ ವೇಗ ಇಳಿಸಿ ಹತ್ತಿಸುವ ಕ್ರಮವಿದೆ.

ಸಾಲು ತಪ್ಪಿಸುವ ಪಾಸಿನ ಕಥೆಯನ್ನೂ ಹೇಳಿಬಿಡುತ್ತೇನೆ. 1999ರಲ್ಲಿ ಡಿಸ್ನಿ ಫಾಸ್ಟ್‌ಪಾಸ್ ತಂದಾಗ ಅದು ಉಚಿತ. ಒಂದು ಚೀಟಿ, ಅದರಲ್ಲಿ ಒಂದು ಸಮಯ, ಆ ಹೊತ್ತಿಗೆ ಬಂದರೆ ಸಾಲಿಲ್ಲ. 2021ರಲ್ಲಿ ಅಮೆರಿಕದಲ್ಲಿ ಅದನ್ನು ತೆಗೆದು ದುಡ್ಡಿನ ಪಾಸ್ ತಂದರು. ಟೋಕಿಯೋದಲ್ಲೂ ಈಗ ಒಂದೊಂದು ರೈಡಿಗೆ, ತಲೆಗೆ ಇಷ್ಟು ಎಂದು ದುಡ್ಡು. ಯೂನಿವರ್ಸಲ್ ಸ್ಟುಡಿಯೋಸ್ ಪಾರ್ಕುಗಳ ಎಕ್ಸ್‌ಪ್ರೆಸ್ ಪಾಸ್ ಕೂಡ ಹಾಗೆಯೇ. ಪಾಸಿನವರು ಹೆಚ್ಚಿದಷ್ಟೂ ಸಾದಾ ಸಾಲು ನಿಧಾನ, ಸಾದಾ ಸಾಲು ನಿಧಾನವಾದಷ್ಟೂ ಪಾಸು ಕೊಳ್ಳುವವರು ಹೆಚ್ಚು. ನನಗಂತೂ ಸಿಟ್ಟು ಬರುತ್ತದೆ. ಆದರೂ ರಜೆಯ ದಿನ ಹೋದಾಗ ನಾನೂ ಕೊಂಡೆ.

ಫಾರ್ಮುಲಾ ರೊಸ್ಸಾ ಬಗ್ಗೆ ಒಂದು ಮಾತು. 240ರ ವೇಗ ಮುಟ್ಟುವುದು 4.9 ಸೆಕೆಂಡಿನಲ್ಲಿ. ಭಾಗಿಸಿ ನೋಡಿ, ಪ್ರತಿ ಸೆಕೆಂಡಿಗೆ 13 ಮೀಟರಿಗೂ ಹೆಚ್ಚು ವೇಗ ಕೂಡುತ್ತ ಹೋಗುತ್ತದೆ. ಮರದಿಂದ ಬೀಳುವ ತೆಂಗಿನಕಾಯಿಗೆ ಕೂಡುವುದು 9.8. ಅಂದರೆ ತೆಂಗಿನಕಾಯಿಗಿಂತ ಜೋರಾಗಿ, ಕೆಳಕ್ಕಲ್ಲ, ಅಡ್ಡಕ್ಕೆ ಬೀಳುವುದು. ಇಂಥದ್ದಕ್ಕೆ ಏಳು ವರ್ಷದವನನ್ನು ಬಿಡುವುದಿಲ್ಲ. ಒಳ್ಳೆಯದೇ ಆಯಿತು.

ಪಂಪ್‌ವೆಲ್

ಮಂಗಳೂರಿನ ಪಂಪ್‌ವೆಲ್ ಮೇಲ್ಸೇತುವೆ ಮುಗಿಯುವುದನ್ನು ಹತ್ತು ವರ್ಷ ಕಾದವರು ನಾವು. ಒಂದೂವರೆ ಗಂಟೆ ಯಾವ ಲೆಕ್ಕ ಮಾರಾಯರೆ?

ಮಲ್ಪೆ ಗಾಳಿ

ಮೇ ತಿಂಗಳು ಎಂದಿರಿ. ಜಪಾನ್ ಆದರೆ ಮೊದಲ ವಾರವನ್ನು ಬಿಟ್ಟುಬಿಡಿ. ಏಪ್ರಿಲ್ 29ರಿಂದ ಮೇ 5ರವರೆಗೆ ಅವರಿಗೆ ಗೋಲ್ಡನ್ ವೀಕ್, ಇಡೀ ದೇಶಕ್ಕೆ ರಜೆ. ಚೀನಾದಲ್ಲೂ ಮೇ ಒಂದರಿಂದ ರಜೆ, ಹಾಂಗ್‌ಕಾಂಗ್ ತುಂಬುತ್ತದೆ. ಎರಡನೆಯ ವಾರ ಕಳೆದ ಮೇಲೆ, ಶನಿವಾರ ಭಾನುವಾರ ಬಿಟ್ಟು ಹೋಗಿ.

ಟೋಕಿಯೋ ಡಿಸ್ನಿಲ್ಯಾಂಡ್ 1983ರದ್ದು, ಅಮೆರಿಕದ ಹೊರಗೆ ಮೊದಲನೆಯದು. ಹೆಸರು ಟೋಕಿಯೋ ಎಂದರೂ ಇರುವುದು ಪಕ್ಕದ ಚಿಬಾ ಪ್ರಾಂತ್ಯದಲ್ಲಿ. ಅದರ ಮಾಲೀಕರು ಡಿಸ್ನಿಯವರಲ್ಲ, ಓರಿಯೆಂಟಲ್ ಲ್ಯಾಂಡ್ ಎಂಬ ಜಪಾನಿ ಕಂಪನಿ. ಹೆಸರಿಗೆ, ಗೊಂಬೆಗಳಿಗೆ ಡಿಸ್ನಿಗೆ ಗೌರವಧನ ಕೊಡುತ್ತಾರೆ. ಅದರ ಪಕ್ಕದ ಡಿಸ್ನಿಸೀ 2001ರಲ್ಲಿ ಬಂತು. ಇಷ್ಟರವರೆಗೆ ನಾನು ನೋಡಿದ ಪಾರ್ಕುಗಳಲ್ಲಿ (ಪ್ಯಾರಿಸ್, ಒಸಾಕಾ, ಸಿಂಗಾಪುರ ಸೇರಿ ಐದು) ಇನ್ನೊಮ್ಮೆ ಹೋಗಬೇಕು ಎನಿಸಿದ್ದು ಅದೊಂದೇ.

ಮಲ್ಪೆಯವನಿಗೆ ಬಂದರು ತೋರಿಸಿ ಮೆಚ್ಚಿಸುವುದು ಸುಲಭವಲ್ಲ. ಡಿಸ್ನಿಸೀಯಲ್ಲಿ ಬಂದರೇ ಕಥಾವಸ್ತು. ನಡುವೆ ಜ್ವಾಲಾಮುಖಿ ಬೆಟ್ಟ, ಅದರ ಸುತ್ತ ಇಟಲಿಯ ಬಂದರು, ನ್ಯೂಯಾರ್ಕಿನ ಹಡಗುಕಟ್ಟೆ, ಅರಬ್ಬರ ಊರು. ಮೀನುಪೆಟ್ಟಿಗೆ, ಹಗ್ಗದ ಸುರುಳಿ, ತುಕ್ಕು ಹಿಡಿದ ಲಂಗರು ಎಲ್ಲ ಇವೆ. ಆದರೆ ಮೀನಿನ ವಾಸನೆ ಮಾತ್ರ ಇಲ್ಲ. ಹಡಗುಕಟ್ಟೆಯ ಕಡೆಯಿಂದ ಆಚೆ ನೋಡಿದರೆ ನಿಜವಾದ ಟೋಕಿಯೋ ಕೊಲ್ಲಿ ಕಾಣುತ್ತದೆ. ಸುಳ್ಳು ಬಂದರಿನ ತುದಿಗೆ ನಿಜವಾದ ಕಡಲು! ಅಲ್ಲಿ ಒಂದು ಗಂಟೆ ರೈಡೂ ಬೇಡವಾಗಿ ನಿಂತಿದ್ದೆ. ಹೆಂಡತಿ ಇದನ್ನು ಇನ್ನೂ ಹೇಳಿ ಹಂಗಿಸುತ್ತಾಳೆ.

2024ರ ಜೂನ್‌ನಲ್ಲಿ ಅಲ್ಲಿ ಫ್ಯಾಂಟಸಿ ಸ್ಪ್ರಿಂಗ್ಸ್ ಎಂಬ ಹೊಸ ಭಾಗ ತೆರೆದಿದೆ. ಮಕ್ಕಳಿದ್ದರೆ ಗೇಟು ತೆರೆಯುವ ಒಂದು ಗಂಟೆ ಮೊದಲೇ ಹೋಗಿ, ಮೊದಲು ಅಲ್ಲಿಗೇ ನಡೆಯಿರಿ. ಒಸಾಕಾದ ಯೂನಿವರ್ಸಲ್ ಆದರೆ ನಿಂಟೆಂಡೊ ವರ್ಲ್ಡ್ ವಿಭಾಗಕ್ಕೆ ಜನ ಹೆಚ್ಚಿದ ದಿನ ಬೇರೆ ಸಮಯಚೀಟಿ ಬೇಕು. ಮುಖ್ಯ ಟಿಕೆಟ್ ಇದೆಯಲ್ಲ ಎಂದು ಮಧ್ಯಾಹ್ನ ಹೋದ ನನ್ನ ಷಡ್ಡಕ ಬೇಲಿಯ ಹೊರಗೆ ನಿಂತು ಫೋಟೋ ತೆಗೆದುಕೊಂಡು ಬಂದ.

ಊಟ? ಇಲ್ಲೇ ತೊಂದರೆ. ಜಪಾನಿನಲ್ಲಿ ತರಕಾರಿ ಸಾರಿಗೂ ದಾಶಿ ಹಾಕುತ್ತಾರೆ, ಅದು ಒಣಮೀನಿನ ಸಾರ. ನನಗೆ ಅದೇ ಹಬ್ಬ. ನಿಮ್ಮ ಅತ್ತೆಗೆ ಉಳಿಯುವುದು ಪಾಪ್‌ಕಾರ್ನ್. ಅದು ಬಗೆಬಗೆಯ ರುಚಿಯಲ್ಲಿ ಸಿಗುತ್ತದೆ, ಅದಕ್ಕೂ ಸಾಲು.

ಮಣಿಪಾಲದಮ್ಮ

ಜಪಾನ್ ಇಷ್ಟವಾಯಿತು. ಆದರೆ ಎರಡು ದಿನ ಪಾಪ್‌ಕಾರ್ನ್ ತಿನ್ನಿಸಿದರೆ ಊರಿಗೆ ಬಂದ ಮೇಲೆ ಅದು ನೆಂಟರಿಷ್ಟರಿಗೆಲ್ಲ ಸುದ್ದಿಯಾಗುತ್ತದೆ. ಅತ್ತೆ ಈಗಲೇ ಅವಲಕ್ಕಿ, ಹಪ್ಪಳ, ಉಪ್ಪಿನಕಾಯಿಯ ಪಟ್ಟಿ ಮಾಡುತ್ತಿದ್ದಾರೆ. ಬುತ್ತಿ ಒಳಗೆ ಬಿಡುತ್ತಾರೆಯೇ?

ಮಲ್ಪೆ ಗಾಳಿ

ಟೋಕಿಯೋದಲ್ಲಿ ಒಳಗೆ ಬಿಡುವುದಿಲ್ಲ, ಗೇಟಿನ ಹೊರಗೆ ಬುತ್ತಿ ಬಿಚ್ಚುವ ಜಾಗ ಇದೆ. ಫ್ಲೋರಿಡಾದ ಡಿಸ್ನಿಯಲ್ಲಿ ಗಾಜಿನ ಶೀಶೆ ಇಲ್ಲದಿದ್ದರೆ ಬಿಡುತ್ತಾರೆ. ಪ್ರತಿ ಊರಿಗೂ ಅದರದೇ ನಿಯಮ.

ಚೌಕಿಮನೆ

ವಿಷಯಾಂತರ, ಕ್ಷಮಿಸಿ. ನಾನು ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ ಒಂದನ್ನು ಮಾತ್ರ ನೋಡಿದ್ದೇನೆ, ಮಗನ ಮನೆಗೆ ಹೋದಾಗ. 1971ರಲ್ಲಿ ತೆರೆದದ್ದು. ಒಂದಲ್ಲ, ನಾಲ್ಕು ಪಾರ್ಕುಗಳು, ಒಟ್ಟು ಜಾಗ ನೂರು ಚದರ ಕಿಲೋಮೀಟರಿಗೂ ಮಿಗಿಲು. ವಾಹನ ನಿಲ್ಲಿಸಿದಲ್ಲಿಂದ ಮ್ಯಾಜಿಕ್ ಕಿಂಗ್‌ಡಂ ಗೇಟಿಗೆ ಹೋಗಲೇ ದೋಣಿಯೋ ಮೊನೊರೈಲೋ ಹತ್ತಬೇಕು. ಮಣಿಪಾಲದಮ್ಮನವರ ಯಜಮಾನರು ಕೇಳಿದ "ದೊಡ್ಡದು" ಅದೇ. ಮೊಣಕಾಲಿಗೆ ಅದು ಶತ್ರು.

ನಾನು ಹೇಳಹೊರಟದ್ದು ಬೇರೆ. ಅಲ್ಲಿ ಕೆಲಸಗಾರರನ್ನು "ಪಾತ್ರವರ್ಗದವರು" ಎಂದೇ ಕರೆಯುತ್ತಾರೆ, ಕಸ ಗುಡಿಸುವವನನ್ನೂ. ನಾವು ಓಡಾಡುವ ಜಾಗ ರಂಗಸ್ಥಳ, ಕಾಣದ ಜಾಗ ನೇಪಥ್ಯ. ಮ್ಯಾಜಿಕ್ ಕಿಂಗ್‌ಡಂನ ಕೆಳಗೆ ಸುರಂಗದಾರಿಗಳಿವೆ. ವೇಷದವರು ಅವುಗಳಲ್ಲೇ ಓಡಾಡಿ, ತಮ್ಮ ತಮ್ಮ ಊರಿನಲ್ಲಿ ಮಾತ್ರ ಮೇಲೆ ಬರುತ್ತಾರೆ. ನಿಜ ಹೇಳಬೇಕೆಂದರೆ ಅವು ನೆಲದಡಿಯ ಸುರಂಗಗಳಲ್ಲ. ಫ್ಲೋರಿಡಾದಲ್ಲಿ ಸ್ವಲ್ಪ ಅಗೆದರೆ ನೀರು. ಹಾಗಾಗಿ ದಾರಿಗಳನ್ನು ನೆಲಮಟ್ಟದಲ್ಲಿ ಕಟ್ಟಿ, ಮುಂದಿನ ಕೆರೆ ತೋಡಿದ ಮಣ್ಣನ್ನು ಸುತ್ತ ತುಂಬಿ, ಮೇಲೆ ಪಾರ್ಕ್ ಕಟ್ಟಿದರು. ನಾವು ನಡೆಯುವುದು ಮಹಡಿಯ ಮೇಲೆ. ಇಷ್ಟೆಲ್ಲ ಯಾಕೆ? ಮಿಕ್ಕಿ ತಲೆ ಕಳಚಿ ಬೆವರು ಒರೆಸುವುದನ್ನು ಯಾವ ಮಗುವೂ ನೋಡಬಾರದು, ಅದಕ್ಕೆ.

ನಮ್ಮಲ್ಲಿ ನೋಡಿ. ಯಕ್ಷಗಾನ ಆಟದ ದಿನ ಮಕ್ಕಳು ಸಂಜೆಯಿಂದಲೇ ವೇಷ ಕಟ್ಟುವ ಚೌಕಿಯಲ್ಲಿ ಬಿಡಾರ. ಬಣ್ಣದ ವೇಷದವರು ಮುಖಕ್ಕೆ ಚುಟ್ಟಿಯ ಬಿಳಿ ಚಿತ್ತಾರ ಇಟ್ಟುಕೊಳ್ಳುತ್ತ ಅರ್ಧ ಮುಖದಲ್ಲಿ ಚಹಾ ಕುಡಿಯುವುದನ್ನು ನೋಡುತ್ತಾರೆ, "ಮಗಾ, ಆ ಕನ್ನಡಿ ಕೊಡು" ಎಂದರೆ ಕೊಡುತ್ತಾರೆ. ನಡುರಾತ್ರಿ ಅದೇ ಮನುಷ್ಯ ತೆರೆಯ ಹಿಂದೆ ಆರ್ಭಟ ಕೊಟ್ಟರೆ ಅದೇ ಮಕ್ಕಳು ಅಜ್ಜಿಯ ಸೆರಗಿನೊಳಗೆ. ನೇಪಥ್ಯವನ್ನು ಮುಚ್ಚಿದರೆ ಮಾತ್ರ ಮಾಯೆ ಉಳಿಯುತ್ತದೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಡಿಸ್ನಿಯವರ ಅಚ್ಚುಕಟ್ಟುತನಕ್ಕೆ ಕೈಮುಗಿದೆ, ಆದರೆ ಒಂದು ಸಲವೂ ಹೆದರಲಿಲ್ಲ.

ಸುರತ್ಕಲ್ ಮೆಕ್ಯಾನಿಕ್

ಚೌಕಿಮನೆಯವರೇ, ಹೋಲಿಕೆ ಚಂದ, ಆದರೆ ಮೇಳದಲ್ಲಿ ಮಹಿಷಾಸುರ ಒಬ್ಬನೇ, ರಾತ್ರಿಗೆ ಒಂದು ಸಲ. ಅಲ್ಲಿ ಅದೇ ಮಿಕ್ಕಿ ದಿನವಿಡೀ ಸಾವಿರಾರು ಮಕ್ಕಳಿಗೆ ಕೈಕುಲುಕಬೇಕು. ಪಾಳಿಯಲ್ಲಿ ಒಳಗಿನ ಮನುಷ್ಯ ಬದಲಾಗುತ್ತಾನೆ. ಚೌಕಿ ತೆರೆದಿಟ್ಟರೆ ಮೂವರು ಮಿಕ್ಕಿಗಳು ಒಟ್ಟಿಗೆ ಕುಳಿತು ಬಿಸ್ಕತ್ತು ತಿನ್ನುವುದು ಕಾಣುತ್ತದೆ.

ಚೌಕಿಮನೆ

ಅದನ್ನು ನೋಡಲು ಟಿಕೆಟ್ ಇಟ್ಟರೆ ಮೊದಲು ನಾನು ಕೊಳ್ಳುತ್ತೇನೆ.

ಕಾರ್ಕಳದವನು ಐಂಡ್‌ಹೋವನ್‌ನಲ್ಲಿ

ನಿಮ್ಮ ಪಟ್ಟಿಯಲ್ಲಿ ಯುರೋಪ್ ಇಲ್ಲ. ಮುಂದೆ ಯಾರಿಗಾದರೂ ಬೇಕಾದೀತು ಎಂದು ಬರೆಯುತ್ತೇನೆ. ಎಲ್ಲರೂ ಪ್ಯಾರಿಸ್ ಡಿಸ್ನಿಗೆ ಓಡುತ್ತಾರೆ. 1992ರದ್ದು, ನಗರದಿಂದ ರೈಲಿನಲ್ಲಿ ನಲವತ್ತು ನಿಮಿಷ. ಕೋಟೆಯ ನೆಲಮಾಳಿಗೆಯಲ್ಲಿ ಉಸಿರಾಡುವ ಡ್ರ್ಯಾಗನ್ ಮಲಗಿದೆ. ಚೆನ್ನಾಗಿಯೇ ಇದೆ. ಆರಂಭದಲ್ಲಿ ಅಮೆರಿಕದ ಪದ್ಧತಿಯಂತೆ ಪಾರ್ಕಿನೊಳಗೆ ಮದ್ಯ ಕೊಡಲಿಲ್ಲ. ಊಟಕ್ಕೆ ದ್ರಾಕ್ಷಾರಸ ಇಲ್ಲವೆಂದು ಫ್ರಾನ್ಸಿನವರು ಮುನಿಸಿಕೊಂಡು, ಮರುವರ್ಷವೇ ನಿಯಮ ಬದಲಾಯಿತು. ಉಡುಪಿಯಲ್ಲಿ ಕಾಫಿ ಇಲ್ಲದ ಹೋಟೆಲು ತೆರೆದ ಹಾಗೆ.

ನಾನು ವರ್ಷವರ್ಷ ಹೋಗುವುದು ನೆದರ್‌ಲ್ಯಾಂಡ್ಸ್‌ನ ಎಫ್ಟೆಲಿಂಗ್‌ಗೆ. ಅಲ್ಲಿಯ ಕಥೆಗಳ ಕಾಡು ಶುರುವಾದದ್ದು 1952ರಲ್ಲಿ, ಅಂದರೆ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿಗಿಂತ ಮೂರು ವರ್ಷ ಹಳೆಯದು. ನಿಜವಾದ ದೊಡ್ಡ ಮರಗಳು, ನೆರಳು, ಅವುಗಳ ನಡುವೆ ಅಜ್ಜಿಕಥೆಗಳ ಪುಟ್ಟ ಮನೆಗಳು. ಬಾಯಿ ತೆರೆದು ಕುಳಿತ ದಪ್ಪ ಹೊಟ್ಟೆಬಾಕನ ಗೊಂಬೆಗಳು ಅಲ್ಲಲ್ಲಿ ಇವೆ, "ಕಾಗದ ಇಲ್ಲಿ!" ಎಂದು ಕೂಗುತ್ತವೆ. ಕಸ ಹತ್ತಿರ ಹಿಡಿದರೆ ಎಳೆದುಕೊಂಡು ಧನ್ಯವಾದ ಹೇಳುತ್ತವೆ. ನನ್ನ ಮಗಳು ಬೇರೆಯವರು ಎಸೆದ ಕಸ ಹೆಕ್ಕಿ ತಂದು ತಿನ್ನಿಸುತ್ತಾಳೆ. ಮನೆಯಲ್ಲಿ ತನ್ನ ಬಟ್ಟೆ ಎತ್ತಿಡುವುದಿಲ್ಲ.

ಪಂಪ್‌ವೆಲ್

ಎಲ್ಲ ಸರಿ. ಐದು ಜನರ ವಿಮಾನ, ವೀಸಾ, ಹೋಟೆಲು, ಟಿಕೆಟು. ಆ ದುಡ್ಡಿನಲ್ಲಿ ಮನೆಯ ಮಾಡಿಗೆ ಶೀಟು ಹಾಕಿಸಬಹುದು, ಮಳೆಗಾಲ ಬರುತ್ತಿದೆ. ನಾನು ಜಿಪುಣನೆಂದು ಹೇಳುತ್ತಿಲ್ಲ. ಮಕ್ಕಳಿಗೆ ಏಳನೆಯ ವಯಸ್ಸಿನ ಪ್ರವಾಸ ನೆನಪಿರುವುದಿಲ್ಲ ಎನ್ನುತ್ತಿದ್ದೇನೆ.

ಕಲ್ಸಂಕ

ಏಳನೆಯ ವಯಸ್ಸಿನಲ್ಲಿ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿ ರಥಬೀದಿಯಲ್ಲಿ ತೇರು ತೋರಿಸಿದ್ದು ನೆನಪಿದೆ. ಅಪ್ಪನ ಬೆವರಿನ ವಾಸನೆ ಸಹಿತ.

ಪಂಪ್‌ವೆಲ್

ಅದಕ್ಕೆ ಟಿಕೆಟ್ ಇರಲಿಲ್ಲವಲ್ಲ. ಸರಿ, ಸುಮ್ಮನಾದೆ.

ಕದ್ರಿ ಗುಡ್ಡೆ

ನಾಲ್ಕು ವರ್ಷ ಸಿಂಗಾಪುರದಲ್ಲಿದ್ದು ಈಗ ಊರಿಗೆ ಮರಳಿದ್ದೇನೆ. ಅಕ್ಕ, ನಿಮ್ಮ ಮನೆಗೆ ಸಿಂಗಾಪುರವೇ ಸರಿ. ಅಲ್ಲಿ ದೊಡ್ಡದೇನೂ ಇಲ್ಲ, ಅದಕ್ಕೇ ಸರಿ. ಯೂನಿವರ್ಸಲ್ ಸ್ಟುಡಿಯೋಸ್ ಸುಮಾರು 20 ಹೆಕ್ಟೇರು, ಅಂದರೆ ಐವತ್ತು ಎಕರೆ. ನಡುವೆ ಕೆರೆ, ಸುತ್ತ ಒಂದೇ ದಾರಿ, ಯಾರೂ ಕಳೆದುಹೋಗುವುದಿಲ್ಲ. ಒಂದು ದಿನ ಸಾಕು. ಮರುದಿನ ಅತ್ತೆಯನ್ನು ಅಲ್ಲೇ ಪಕ್ಕದ ಮತ್ಸ್ಯಾಗಾರಕ್ಕೆ ಕರೆದುಕೊಂಡು ಹೋಗಿ, ತಂಪಿನಲ್ಲಿ ಕುಳಿತು ಮೀನು ನೋಡಬಹುದು. ಹಾರ್ಬರ್‌ಫ್ರಂಟ್ ನಿಲ್ದಾಣದಲ್ಲಿ ಇಳಿದು ಮೊನೊರೈಲು ಹತ್ತಿದರೆ ಸೆಂಟೋಸಾ ದ್ವೀಪ. ಕಡಲ ಮೇಲಿನ ಕಾಲುದಾರಿಯಲ್ಲಿ ನಡೆದೂ ಹೋಗಬಹುದು.

ಎತ್ತರದ ವಿಷಯ, ಬರೆದುಕೊಳ್ಳಿ. ಟ್ರಾನ್ಸ್‌ಫಾರ್ಮರ್ಸ್ ರೈಡಿಗೆ ಕನಿಷ್ಠ 102 ಸೆಂ.ಮೀ., ಜುರಾಸಿಕ್ ಪಾರ್ಕಿನ ನೀರಿನ ರೈಡಿಗೆ 107, ಮಮ್ಮಿ ಎಂಬ ಕೋಸ್ಟರಿಗೆ 122, ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ ಕೋಸ್ಟರಿಗೆ 125. ನಿಮ್ಮ ಮಗ 121. ಮಮ್ಮಿಯ ಬಾಗಿಲಲ್ಲಿ ಒಂದು ಸೆಂಟಿಮೀಟರಿಗೆ ಅಳು ಬರುತ್ತದೆ. ಅಳತೆಕೋಲಿನವರ ಹತ್ತಿರ ವಾದ ನಡೆಯುವುದಿಲ್ಲ. ಎತ್ತರದ ನಿಯಮ ದರ್ಪವಲ್ಲ, ತಡೆಪಟ್ಟಿ ಸೊಂಟಕ್ಕೆ, ತೊಡೆಗೆ ಸರಿಯಾಗಿ ಕೂರಬೇಕು, ಅದಕ್ಕೆ.

ಸೆಕೆ ನಮ್ಮದೇ ಸೆಕೆ, ಬೆವರು ನಮ್ಮದೇ ಬೆವರು. ಮಧ್ಯಾಹ್ನದ ಮೇಲೆ ಗುಡುಗಿದರೆ ಹೊರಗಿನ ರೈಡುಗಳನ್ನೆಲ್ಲ ನಿಲ್ಲಿಸುತ್ತಾರೆ. ಹೊರಗಿನದನ್ನು ಬೆಳಗ್ಗೆ ಮುಗಿಸಿ, ಒಳಗಿನದನ್ನು ಮಳೆಗೆ ಇಟ್ಟುಕೊಳ್ಳಿ. ಊಟಕ್ಕೆ ಸೆರಂಗೂನ್ ರಸ್ತೆ ಇದೆ, ಸಸ್ಯಾಹಾರಿ ಹೋಟೆಲುಗಳು ಸಾಲಾಗಿವೆ. ಈರುಳ್ಳಿ, ಬೆಳ್ಳುಳ್ಳಿ ಬೇಡವೆಂದರೆ ಅರ್ಥವಾಗುತ್ತದೆ.

ಬಜ್ಪೆಯಿಂದ ದುಬೈಗೆ

ಕದ್ರಿಯವರು ಹೇಳಿದ್ದು ಸರಿ ಎಂದು ಒಪ್ಪಿಕೊಳ್ಳಲು ಹೊಟ್ಟೆ ಉರಿಯುತ್ತದೆ, ಆದರೂ ಸರಿ. ಅಬುಧಾಬಿಯನ್ನು ಮಗ 140 ದಾಟಿದ ಮೇಲೆ ಇಟ್ಟುಕೊಳ್ಳಿ, ಆಗ ದುಡ್ಡು ದಂಡವಾಗುವುದಿಲ್ಲ.

ಮಣಿಪಾಲದಮ್ಮ

ಸಿಂಗಾಪುರಕ್ಕೆ ಟಿಕೆಟ್ ಆಯಿತು. ಮೇ ಮೂರನೆಯ ವಾರ, ಪಾರ್ಕಿಗೆ ಮಂಗಳವಾರ. ಮಗ ದಿನಾ ಬೆಳಗ್ಗೆ ದಾರಂದಕ್ಕೆ ನಿಲ್ಲುತ್ತಿದ್ದಾನೆ. ಪೇರಳೆ ಕೊಂಬೆಗೆ ಜೋತು ಬಿದ್ದರೆ ಉದ್ದವಾಗುತ್ತಾರೆ ಎಂದು ಅತ್ತೆ ಹೇಳಿಕೊಟ್ಟಿದ್ದಾರೆ. ಕೊಂಬೆ ಮುರಿದಿದೆ.

ಮಣಿಪಾಲದಮ್ಮ

ಹೋಗಿ ಬಂದೆವು. ಹೇಳಿದವರಿಗೆಲ್ಲ ಋಣಿ, ಪಂಪ್‌ವೆಲ್ ಅವರಿಗೂ.

ಹೊರಡುವ ಹಿಂದಿನ ದಿನ ದಾರಂದದಲ್ಲಿ 122ರ ಮೇಲೆ ಒಂದು ನೂಲು ಇತ್ತು. ಮಮ್ಮಿಯ ಬಾಗಿಲಲ್ಲಿ ಅಳತೆಕೋಲು ಹಿಡಿದ ಹುಡುಗಿ ಎರಡು ಸಲ ನಿಲ್ಲಿಸಿ ನೋಡಿ, ನಕ್ಕು ಬಿಟ್ಟಳು. ಕತ್ತಲೆಯಲ್ಲಿ ಅದು ಹಿಂದಕ್ಕೆ ಹೋಗುತ್ತದೆ ಎಂದು ಯಾರೂ ಇಲ್ಲಿ ಬರೆದಿರಲಿಲ್ಲ. ಇಳಿದ ಮೇಲೆ ಮಗ ಒಂದೂ ಮಾತನಾಡಲಿಲ್ಲ. ರಾತ್ರಿ ಊಟದ ನಡುವೆ, "ನನಗೆ ಭಯ ಆಗಲಿಲ್ಲ" ಎಂದ. ಯಾರೂ ಕೇಳಿರಲಿಲ್ಲ.

ಮಗಳಿಗೆ ಗ್ಯಾಲಾಕ್ಟಿಕಾ ಎರಡು ಸಲ ಸಿಕ್ಕಿತು, ಬೆಳಗ್ಗೆ ಮೊದಲು ಅಲ್ಲಿಗೇ ಓಡಿದ್ದರಿಂದ. ಎರಡನೆಯ ಸಲ ಇಳಿದು ಬಂದಾಗ ಮುಖ ಬಿಳುಚಿತ್ತು, ನಿಂಬೆಹುಳಿ ಮಿಠಾಯಿ ಕೊಟ್ಟೆ. ಮೂರು ಗಂಟೆಗೆ ಸರಿಯಾಗಿ ಗುಡುಗು, ಹೊರಗಿನ ರೈಡುಗಳು ಬಂದ್. ಜುರಾಸಿಕ್ ನೀರಿನ ರೈಡನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡಿದ್ದ ಗಂಡ ಪ್ಲಾಸ್ಟಿಕ್ ಕೋಟು ಕೈಯಲ್ಲಿ ಹಿಡಿದು ನಿಂತದ್ದೇ ಬಂತು. ಕದ್ರಿಯವರು ಹೇಳಿದ್ದನ್ನು ಅವರು ಓದಿರಲಿಲ್ಲ.

ಅತ್ತೆ ಸೀಸೆಮಿ ಸ್ಟ್ರೀಟ್‌ನ ಸ್ಪಗೆಟ್ಟಿ ರೈಡಿನಲ್ಲಿ ಮೊಮ್ಮಗನ ಜೊತೆ ಕುಳಿತರು. ಮೆಲ್ಲಗೆ ಸಾಗುವ ಗಾಡಿ, ಸುತ್ತ ಗೊಂಬೆಗಳು. ಇಳಿದು ಐದು ನಿಮಿಷ ಏನೂ ಹೇಳದೆ, ಆಮೇಲೆ "ಇನ್ನೊಮ್ಮೆ ಹೋಗಬಹುದೋ?" ಎಂದು ಕೇಳಿದರು. ಹೋದರು. ಅವರ ದೂರು ಒಂದೇ: ಬೆಂಚುಗಳಿವೆ, ಆದರೆ ಅರ್ಧಕ್ಕೆ ನೆರಳಿಲ್ಲ. ನನ್ನದೂ ಅದೇ. ಗಾಲಿಕುರ್ಚಿ ಬಾಡಿಗೆಗೆ ತೆಗೆದುಕೊಳ್ಳಲು ಅವರು ಒಪ್ಪಲಿಲ್ಲ. ನಾನು ಇನ್ನಷ್ಟು ಒತ್ತಾಯ ಮಾಡಬೇಕಿತ್ತು, ಎರಡು ದಿನ ಕಾಲಿಗೆ ಎಣ್ಣೆ ತಿಕ್ಕಬೇಕಾಯಿತು.

ಒಳಗೆ ಊಟ ದುಬಾರಿ. ಹಣ್ಣು, ಆಲೂಗಡ್ಡೆ, ಕಾಫಿಯಲ್ಲಿ ದಿನ ಕಳೆದು ಸಂಜೆ ಸೆರಂಗೂನ್ ರಸ್ತೆಗೆ ಹೋದೆವು. ಅವಲಕ್ಕಿ ಹೋಟೆಲಿನಲ್ಲಿ ಉಪಯೋಗಕ್ಕೆ ಬಂತು.

ಪಂಪ್‌ವೆಲ್

ಫೋಟೋ ಹಾಕಿ. ಮಾಡಿನ ಶೀಟಿನದ್ದಲ್ಲ.

ಹೊಸಬಳು, ಕುಂದಾಪುರ

ಅಕ್ಕ, ನಾವು ಡಿಸೆಂಬರಿನಲ್ಲಿ ಅಲ್ಲಿಗೇ ಹೋಗುವವರು. ಮಗಳು ಈಗ 96 ಸೆಂಟಿಮೀಟರ್. ಟ್ರಾನ್ಸ್‌ಫಾರ್ಮರ್ಸ್ ಎಂದು ದಿನಾ ಕುಣಿಯುತ್ತಿದ್ದಾಳೆ. ಶೂ ಹಾಕಿದರೆ ಆದೀತೇ?

ಮಣಿಪಾಲದಮ್ಮ

ಆಗಲಿಕ್ಕಿಲ್ಲ. ಅಲ್ಲಿಯೇ ಕ್ಯಾನೊಪಿ ಫ್ಲೈಯರ್ ಎಂಬ ರೈಡಿಗೆ 92 ಸಾಕು, ದೊಡ್ಡವರು ಜೊತೆಗಿರಬೇಕು. ಕುಣಿತವನ್ನು ಈಗಿನಿಂದಲೇ ಅದರ ಕಡೆಗೆ ತಿರುಗಿಸಿ, ಮತ್ತು ಪೇರಳೆ ಮರದಿಂದ ದೂರ ಇಡಿ.